ರಂಗೋಲಿಯ ಪಕ್ಕದ ಹಸಿರು ಕಲೆ

ದೀಪಾವಳಿ ಮುಗಿದ ಶನಿವಾರ. ಬೆಂಗಳೂರಿನ ಎನ್.ಆರ್. ಕಾಲೊನಿಯ ನಮ್ಮ ಮನೆಗೆ ಕಾರ್ ಶೆಡ್ ಇಲ್ಲ, ಗಾಡಿ ನಿಲ್ಲುವುದು ಗೇಟಿನ ಮುಂದೆ ಬೀದಿಯಲ್ಲೇ. ಬಾಗಿಲಿಗೆ ನೀರು ಹಾಕಿ ರಂಗೋಲಿ ಇಡಲು ಕೂತ ಹೆಂಡತಿ ಕರೆದಳು: "ರೀ, ಇಲ್ಲಿ ನೋಡಿ. ಏನೋ ಹಸಿರು ಜಿಗುಟು, ಎಷ್ಟು ಉಜ್ಜಿದರೂ ಹೋಗ್ತಿಲ್ಲ." ನಾನು ಬಾಗಿಲಲ್ಲೇ ನಿಂತು, "ಏಸಿ ನೀರಿರಬೇಕು ಬಿಡು" ಎಂದೆ.

ಏಸಿ ನೀರಿಗೆ ಬಣ್ಣವಿರುವುದಿಲ್ಲ, ಅಂಟೂ ಇರುವುದಿಲ್ಲ. ಅಂದು ಬಗ್ಗಿ ಬೆರಳಲ್ಲಿ ಮುಟ್ಟಿದ್ದರೆ ಅದು ಇಂಜಿನ್ನನ್ನು ತಂಪಿಡುವ ಕೂಲಂಟ್ ಎಂದು ತಿಳಿಯುತ್ತಿತ್ತು. ರೇಡಿಯೇಟರಿನ ಕೆಳಗಿನ ಹೋಸ್ ಸೀಳಿತ್ತು. ವಾರ ಕಳೆದ ಮೇಲೆ ಬಾನೆಟ್ ತೆಗೆದೆ. ಕೂಲಂಟ್ ಡಬ್ಬಿಯ ಮಟ್ಟ ಕೆಳಗಿನ ಗೆರೆಗಿಂತ ಇಳಿದಿತ್ತು. ನಲ್ಲಿ ನೀರು ತುಂಬಿಸಿದೆ. ಎರಡು ದಿನಕ್ಕೆ ಮತ್ತೆ ಇಳಿಯಿತು, ಮತ್ತೆ ತುಂಬಿಸಿದೆ. ನನ್ನ ಪಾಸ್‌ಬುಕ್‌ನಲ್ಲಿ ದಿನಾ ಹತ್ತು ರೂಪಾಯಿ ಕಾಣೆಯಾಗಿದ್ದರೆ ಬ್ಯಾಂಕಿಗೆ ಓಡುತ್ತಿದ್ದೆ. ಇಲ್ಲಿ ಮಾತ್ರ ಸೋರಿದ್ದನ್ನು ತುಂಬುವುದೇ ರಿಪೇರಿ ಎಂದುಕೊಂಡೆ.

ನಲ್ಲಿ ನೀರಿನಿಂದಾಗುವ ಕೇಡೇನು ಎಂದು ಆಮೇಲೆ ಅರ್ಥವಾಯಿತು. ಇಂಜಿನ್ ಓಡುವುದೇ 90 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿ. ಸರಿಯಾದ ಕೂಲಂಟ್ ಇದ್ದು, ಮುಚ್ಚಳ ಒತ್ತಡ ಹಿಡಿದಿದ್ದರೆ ಅದು 120 ಡಿಗ್ರಿ ದಾಟಿದರೂ ಕುದಿಯದು. ಹೋಸ್ ಸೀಳಿದರೆ ಒತ್ತಡ ನಿಲ್ಲುವುದಿಲ್ಲ. ಸಮುದ್ರಮಟ್ಟದಿಂದ 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಬರೀ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ನಡುವೆ ಉಳಿದದ್ದು ಏಳೇ ಡಿಗ್ರಿ.

ಆ ಏಳು ಡಿಗ್ರಿ ಮುಗಿದದ್ದು ಕಡಲೆಕಾಯಿ ಪರಿಷೆಯ ಸೋಮವಾರ. ಚಾಮರಾಜಪೇಟೆಯಿಂದ ಮನೆಗೆ ಬರುತ್ತಿದ್ದೆ. ಬುಲ್ ಟೆಂಪಲ್ ರಸ್ತೆಯ ಕಡೆಗೆ ಜನವೋ ಜನ, ಗಾಡಿಗಳು ಇಂಚಿಂಚೇ ತೆವಳುತ್ತಿದ್ದವು. ರಾಮಕೃಷ್ಣ ಆಶ್ರಮದ ಸರ್ಕಲ್ಲಿನಲ್ಲಿ ಟೆಂಪರೇಚರ್ ಮುಳ್ಳು ಕೆಂಪಿಗೆ ತಾಗಿತು. ಮನೆ ಎರಡು ಕಿಲೋಮೀಟರೂ ಇರಲಿಲ್ಲ. ಏಸಿ ಆರಿಸಿ ಓಡಿಸಿಕೊಂಡೇ ಹೋದೆ. ಗಾಡಿಯನ್ನು ಅಲ್ಲೇ ಪಕ್ಕಕ್ಕೆ ಹಾಕಿ ಇಂಜಿನ್ ಆರಿಸಿದ್ದರೆ ಹೋಸ್ ಬದಲಿಸುವುದರಲ್ಲೇ ಮುಗಿಯುತ್ತಿತ್ತೇನೋ. ಮನೆ ತಲುಪುವ ಮೊದಲೇ ಬಿಳಿ ಹೊಗೆ ಎದ್ದು ಇಂಜಿನ್ ನಿಂತಿತು.

ಮರುದಿನ ಮೆಕ್ಯಾನಿಕ್ ಡಿಪ್‌ಸ್ಟಿಕ್ ಎಳೆದು ನನ್ನ ಮುಂದೆ ಹಿಡಿದರು. ನೀರು ಬೆರೆತು ಆಯಿಲ್ ಹಾಲು ಹೆಚ್ಚಾದ ಕಾಫಿಯ ಬಣ್ಣಕ್ಕೆ ತಿರುಗಿತ್ತು. "ಹೆಡ್ ಗ್ಯಾಸ್ಕೆಟ್ ಹೋಗಿದೆ ಸರ್. ಹೆಡ್ಡೂ ಬೆಂಡ್ ಆಗಿರುತ್ತೆ."

ಲೆಕ್ಕ ಕೇಳಿ. ಟೋ 2,400. ಹೆಡ್ ಇಳಿಸಿ ಕೂರಿಸುವ ಕೂಲಿ 14,000. ಗ್ಯಾಸ್ಕೆಟ್ ಕಿಟ್ 4,800. ಹೆಡ್ ಫೇಸಿಂಗ್ 3,500. ವಾಟರ್ ಪಂಪ್, ಥರ್ಮೋಸ್ಟಾಟ್, ವಾಲ್ವ್ ಸೀಲ್ 9,200. ಆಯಿಲ್, ಫಿಲ್ಟರ್, ಕೂಲಂಟ್ 4,900. ಮೂಲ ಕಾರಣವಾದ ಹೋಸ್ 850. ಒಟ್ಟು 39,650. ಗಾಡಿಯಿಲ್ಲದ ಹನ್ನೊಂದು ದಿನ ಆಟೋಗೆ ದಿನಕ್ಕೆ 360ರಂತೆ 3,960. ಎಲ್ಲ ಸೇರಿ 43,610 ರೂಪಾಯಿ. ಮೊದಲ ದಿನವೇ ಹೋಗಿದ್ದರೆ ಹೋಸ್ 850, ಕೂಲಂಟ್ 700, ಕೂಲಿ 500, ಅಂದರೆ 2,050. ವ್ಯತ್ಯಾಸ 41,560. ಹಸಿರು ಕಲೆ ಕಂಡ ಶನಿವಾರದಿಂದ ಪರಿಷೆಯ ಸೋಮವಾರಕ್ಕೆ 23 ದಿನ. ಭಾಗಿಸಿದರೆ, ನಾನು ಸುಮ್ಮನಿದ್ದ ಒಂದೊಂದು ದಿನಕ್ಕೂ 1,807 ರೂಪಾಯಿ.

ವಿಮೆಯಿಂದ ಬಿಡಿಗಾಸೂ ಬರಲಿಲ್ಲ. ಕಾಂಪ್ರಹೆನ್ಸಿವ್ ಪಾಲಿಸಿ ಅಪಘಾತ, ಕಳವು, ಬೆಂಕಿಯಂಥವಕ್ಕೇ ಹೊರತು ಸವಕಳಿಗೂ ಯಂತ್ರದೋಷಕ್ಕೂ ಅಲ್ಲ.

ಈ ಸೋರಿಕೆಗೆ ನಾಲ್ಕು ತಿಂಗಳು ಮೊದಲು ಸರ್ವೀಸಿಗೆ ಬಿಟ್ಟಾಗ, ಇಂಜಿನ್ನಿನ ಒಳಗಿನ ಮಸಿ ತೆಗೆಯುವ 'ಇಂಜಿನ್ ಡೀಕಾರ್ಬನೈಸಿಂಗ್' ಪ್ಯಾಕೇಜ್ ಎಂದು 4,500 ರೂಪಾಯಿ ತೆಗೆದುಕೊಂಡಿದ್ದರು. ಗಾಡಿಗೆ ಎಳೆತ ಕಡಿಮೆಯಾಗಿರಲಿಲ್ಲ, ಹೊಗೆ ಇರಲಿಲ್ಲ, ಮೈಲೇಜ್ ಬಿದ್ದಿರಲಿಲ್ಲ. ಹಾಗಾದರೆ ಯಾತಕ್ಕೆ? ಜ್ವರವೇ ಇಲ್ಲದವನಿಗೆ ಮಾತ್ರೆ ಮಾರುವ ವ್ಯಾಪಾರ ಇದು. ಅಷ್ಟು ದುಡ್ಡು ತೆಗೆದುಕೊಂಡವರು ಆ ಹೋಸನ್ನು ಒಮ್ಮೆ ಅದುಮಿ ನೋಡಲಿಲ್ಲ. ಲಕ್ಷಣವಿಲ್ಲದೆ ಈ ಪ್ಯಾಕೇಜಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಲಕ್ಷಣಗಳನ್ನು ಓದಲು ಮೆಕ್ಯಾನಿಕ್ಕೇ ಆಗಬೇಕಿಲ್ಲ. ನೀಲಿ ಹೊಗೆ ಬಂದರೆ ಇಂಜಿನ್ ಆಯಿಲ್ ಸುಡುತ್ತಿದೆ. ಕಪ್ಪು ಹೊಗೆಯಾದರೆ ಪೆಟ್ರೋಲ್ ಹೆಚ್ಚಾಗಿ ಹೋಗುತ್ತಿದೆ. ಇಂಜಿನ್ ಕಾದ ಮೇಲೂ ನಿಲ್ಲದ, ಸಿಹಿ ವಾಸನೆಯ ಬಿಳಿ ಹೊಗೆಯಾದರೆ ಕೂಲಂಟ್ ಒಳಗೆ ಸೇರುತ್ತಿದೆ. ಆಯಿಲ್ ಗಿಂಡಿಯ ಕೆಂಪು ದೀಪ ಹತ್ತಿದರೆ ಮುಂದಿನ ಸಿಗ್ನಲ್‌ವರೆಗೂ ಹೋಗಬೇಡಿ. ಗ್ಯಾರೇಜಿಗೆ ಹೋದಾಗ "ಪಂಪ್ ಬದಲಿಸಿ" ಎನ್ನಬೇಡಿ. ಕಂಡದ್ದನ್ನು ಹೇಳಿ: ಯಾವ ಸದ್ದು, ತಣ್ಣಗಿದ್ದಾಗಲೋ ಕಾದಾಗಲೋ, ನಿಂತಾಗಲೋ ಓಡುವಾಗಲೋ, ಎಷ್ಟು ದಿನದಿಂದ. ರೋಗದ ಹೆಸರು ನೀವೇ ಹೇಳಿಬಿಟ್ಟರೆ ಆ ಭಾಗ ಬದಲಾಗುತ್ತದೆ, ತೊಂದರೆ ಹಾಗೇ ಉಳಿಯುತ್ತದೆ. ಬದಲಿಸಿದ ಹಳೇ ಭಾಗವನ್ನು ಕೇಳಿ ಪಡೆಯಿರಿ. ಅದೇ ಭಾಗದ ಬೆಲೆಯನ್ನು ಜೆ.ಸಿ. ರಸ್ತೆಯ ಎರಡು ಅಂಗಡಿಯಲ್ಲಿ ವಿಚಾರಿಸಲು ಅರ್ಧ ಗಂಟೆ ಸಾಕು.

ಈಗ ಭಾನುವಾರ ಬೆಳಿಗ್ಗೆ ಇಂಜಿನ್ ತಣ್ಣಗಿರುವಾಗ ಡಿಪ್‌ಸ್ಟಿಕ್ ಮತ್ತು ಕೂಲಂಟ್ ಮಟ್ಟ ನೋಡಿ, ಮನೆಯ ಖರ್ಚಿನ ಪುಸ್ತಕದಲ್ಲೇ ಬರೆದಿಡುತ್ತೇನೆ. ಬಿಸಿ ಇಂಜಿನ್ನಿನ ರೇಡಿಯೇಟರ್ ಮುಚ್ಚಳ ಮಾತ್ರ ಎಂದಿಗೂ ತೆಗೆಯಬೇಡಿ, ಮುಖ ಬೆಂದೀತು.

ನಾಳೆ ಬೆಳಿಗ್ಗೆ ಗಾಡಿ ತೆಗೆದ ಮೇಲೆ, ರಾತ್ರಿಯೆಲ್ಲ ಅದು ನಿಂತಿದ್ದ ಜಾಗವನ್ನು ದಯವಿಟ್ಟು ಒಮ್ಮೆ ಇಳಿದು ನೋಡಿ. ಕಲೆ ಕಂಡರೆ ಬೆರಳಲ್ಲಿ ಮುಟ್ಟಿ.