ಕೂಗುವ ಹಕ್ಕಿಯ ಪ್ರಶ್ನೆ


ಇಂದಿನ ಓದು: ತಿತ್ತಿರ ಜಾತಕ (ಸಂಖ್ಯೆ 319)



ಇವತ್ತು ಹೊಸತೊಡಕು. ನಮ್ಮಲ್ಲಿ ಹಲವರು ಯುಗಾದಿ ಆಚರಿಸುವುದನ್ನು ಬಿಟ್ಟು ವರ್ಷಗಳಾದವು, ಊರು ಬಿಟ್ಟಿಲ್ಲ. ದೊಡ್ಡಬಳ್ಳಾಪುರದ ಕಡೆಯ ಹಳ್ಳಿಗಳಲ್ಲಿ ಬೆಳಗಿನ ಜಾವಕ್ಕೇ ಗುಡ್ಡೆಬಾಡು ಹಾಕಿರುತ್ತಾರೆ, ವರ್ಷವಿಡೀ ಚೀಟಿ ಕಟ್ಟಿದವರು ಪಾತ್ರೆ ಹಿಡಿದು ಕಾಯುತ್ತಿರುತ್ತಾರೆ. ನಿನ್ನೆ ರಾತ್ರಿ ಗುಂಪಿನ ಯುವಕರೊಬ್ಬರು "ಸರ್, ನಾವು ಬಾಡು ತಿನ್ನಬಹುದಾ?" ಎಂದು ಕೇಳಿದ್ದರು. ಅದಕ್ಕೆ ಉತ್ತರ ಚಿಕ್ಕದು. ಮಜ್ಝಿಮ ನಿಕಾಯದ ಜೀವಕ ಸುತ್ತದಲ್ಲಿ ಭಗವಾನ್ ಬುದ್ಧರು ಭಿಕ್ಖುಗಳಿಗೆ ಮೂರು ಮಾತು ಹೇಳಿದ್ದಾರೆ. ತನಗಾಗಿಯೇ ಕೊಂದದ್ದನ್ನು ಕಂಡಿದ್ದರೆ, ಕೇಳಿದ್ದರೆ, ಅನುಮಾನ ಬಂದಿದ್ದರೆ ಆ ಮಾಂಸ ಬೇಡ. ಮೂರೂ ಇಲ್ಲದಿದ್ದರೆ ಸ್ವೀಕರಿಸಬಹುದು. ನನಗೆ ಇವತ್ತು ಬರೆಯಬೇಕೆನಿಸಿದ್ದು ತಿನ್ನುವುದರ ಬಗ್ಗೆ ಅಲ್ಲ, ಹಿಡಿಯುವುದರ ಬಗ್ಗೆ.

1991, ಬಾಬಾಸಾಹೇಬರ ಜನ್ಮ ಶತಮಾನೋತ್ಸವದ ವರ್ಷ. ನನಗೆ 11 ತುಂಬಿತ್ತು. ಮಾಕಳಿದುರ್ಗದ ಬೆಟ್ಟ ಕಾಣುವ ನಮ್ಮೂರಲ್ಲಿ ಹೊಸತೊಡಕಿಗೆ ಬೇಟೆಗೆ ಹೋಗುವ ರೂಢಿ ಇತ್ತು. ಆ ದಿನ ಏನು ಮಾಡುತ್ತೀವೋ ಅದೇ ವರ್ಷವೆಲ್ಲ ನಡೆಯುತ್ತದೆ ಎಂಬ ನಂಬಿಕೆ. ಉಳಿದವರು ಬಲೆ ಹೊತ್ತು ಮೊಲಕ್ಕೆ ಹೋದರೆ, ನನ್ನ ದೊಡ್ಡಪ್ಪ ಹೋಗುತ್ತಿದ್ದುದು ಕೌಜುಗಕ್ಕೆ. ಆ ಹಕ್ಕಿ ಅವರಿಗೆ ಬೇಕಾಗಿರಲಿಲ್ಲ, ಪಟೇಲರ ಮನೆಗೆ ಬೇಕಿತ್ತು. ದೊಡ್ಡಪ್ಪ ಅವರ ಹೊಲದಲ್ಲಿ ದುಡಿಯುತ್ತಿದ್ದರು, ಅವರಲ್ಲಿ ಸಾಲವೂ ಇತ್ತು. "ಹೊಸತೊಡಕಿಗೆ ಎರಡು ಹಕ್ಕಿ" ಎಂಬುದು ಪ್ರತಿ ವರ್ಷದ ಅಪ್ಪಣೆ.

ಕೌಜುಗ ಕೋಳಿಯ ಬಳಗದ್ದೇ. ಮೈತುಂಬ ಬೂದು, ಕಂದು ಗೆರೆ, ಹಾರುವುದಕ್ಕಿಂತ ಓಡುವುದೇ ಹೆಚ್ಚು. ಗಂಡಿಗೆ ಹುಂಜದ ಹಾಗೆ ಕಾಲಲ್ಲಿ ಮುಳ್ಳಿರುತ್ತದೆ. ನಮ್ಮ ಕಡೆಯ ತೆಲುಗಿನವರು ಕೌಜು ಪಿಟ್ಟ ಅನ್ನುತ್ತಾರೆ, ಹಿಂದಿಯಲ್ಲಿ ತೀತರ್, ಪಾಲಿಯಲ್ಲಿ ತಿತ್ತಿರ. ಅದರ ಕೂಗನ್ನು ಒಮ್ಮೆ ಕೇಳಿದವರಿಗೆ ಹಿಂದಿ, ಪಾಲಿ ಹೆಸರುಗಳು ಎಲ್ಲಿಂದ ಬಂದವೆಂದು ಯಾರೂ ಹೇಳಿಕೊಡಬೇಕಿಲ್ಲ. ಗಂಡು ಹಕ್ಕಿ ತನ್ನ ಜಾಗದಲ್ಲಿ ಇನ್ನೊಂದು ಗಂಡಿನ ದನಿ ಕೇಳಿದರೆ ಸುಮ್ಮನಿರುವುದಿಲ್ಲ, ಎದುರುತ್ತರ ಕೊಡುತ್ತ ಜಗಳಕ್ಕೆ ಬರುತ್ತದೆ. ಬೇಟೆ ನಿಂತಿರುವುದೇ ಇದರ ಮೇಲೆ. ಸಾಕಿದ ಹಕ್ಕಿಯನ್ನು ಬಿದಿರ ಗೂಡಲ್ಲಿ ಕೂರಿಸಿ ಹೊಲದ ಬದುವಿನಲ್ಲಿಡುತ್ತಾರೆ. ಸುತ್ತ ಸಣ್ಣ ಗೂಟ ಹೊಡೆದು ಉರುಳು ಹಾಕುತ್ತಾರೆ. ಒಳಗಿನದು ಕೂಗುತ್ತದೆ, ಹೊರಗಿನದು ಬಂದು ಕಾಲು ಸಿಕ್ಕಿಸಿಕೊಳ್ಳುತ್ತದೆ.

ಹೀಗೆ ತನ್ನ ಜಾತಿಯದನ್ನೇ ಕರೆಯಲು ಪಳಗಿಸಿದ ಪ್ರಾಣಿಗೆ ಹಳಗನ್ನಡದಲ್ಲಿ 'ದೀವ' ಎನ್ನುತ್ತಾರೆ. ಎಂ.ಎ. ತರಗತಿಯಲ್ಲಿ ಆ ಪದ ಬಂದಾಗ ನನಗೆ ಅರ್ಥಕೋಶ ಬೇಕಾಗಲಿಲ್ಲ. ಮನೆಯಲ್ಲಿ ನಾವು ಅದನ್ನು 'ಕೂಗೋ ಹಕ್ಕಿ' ಅನ್ನುತ್ತಿದ್ದೆವು. ದೊಡ್ಡಪ್ಪ ಮೂರು ವರ್ಷ ಸಾಕಿದ್ದರು. ಗೆದ್ದಲು ಹುಡುಕಿ ತಂದು ತಿನ್ನಿಸುವ ಕೆಲಸ ನನ್ನದು.

ಆ ದಿನ ನಸುಕಿನಲ್ಲೇ ಹೋಗಿ ಗೂಡಿಟ್ಟು ಲಂಟಾನದ ಮರೆಯಲ್ಲಿ ಕೂತೆವು. ಹಕ್ಕಿ ಕೂಗಲಿಲ್ಲ. ಹೊತ್ತು ಮೂಡಿತು. ರೈಲು ಹಾದಿಯಲ್ಲಿ ಒಂದು ಗೂಡ್ಸ್ ಗಾಡಿ ಹೋಯಿತು. ಆಗಲೂ ಇಲ್ಲ. ದೊಡ್ಡಪ್ಪ ಎದ್ದು ಹೋಗಿ ಕೋಲಿನಿಂದ ಗೂಡಿಗೆ ಬಡಿದರು, ಮತ್ತೊಂದು ಏಟು ಕಂಬಿಯ ಸಂದಿಯಿಂದ ಹಕ್ಕಿಗೇ ಬಿತ್ತು. ಅದು ಮೂಲೆಗೆ ಮುದುಡಿಕೊಂಡಿತೇ ಹೊರತು ದನಿ ತೆಗೆಯಲಿಲ್ಲ. ದೊಡ್ಡಪ್ಪ ವಾಪಸ್ ಬಂದು ನನ್ನ ಮುಖ ನೋಡಿದರು.

"ನೀನೇ ಕೂಗ್ಲಾ ಮಗ."

ಕೌಜುಗದ ಕೂಗು ನನಗೆ ಚೆನ್ನಾಗಿ ಬರುತ್ತಿತ್ತು. ಕೂಗಿದೆ. ಬದುವಿನ ಆಚೆಯಿಂದ ಉತ್ತರ ಬಂತು. ಮತ್ತೆ ಕೂಗಿದೆ, ಇನ್ನೂ ಹತ್ತಿರದಿಂದ ಬಂತು. ನನಗಾದ ಖುಷಿಯನ್ನು ಮುಚ್ಚಿಡುವುದಿಲ್ಲ. ರಾಗಿ ಕೂಳೆಯ ನಡುವೆ ಎದೆ ಉಬ್ಬಿಸಿಕೊಂಡು ಒಂದು ಗಂಡು ಓಡಿ ಬಂತು, ಹಿಂದೆ ಹೆಣ್ಣು. ಗೂಡು ಸುತ್ತಿತು, ಕಾಲು ಉರುಳಿಗೆ ಸಿಕ್ಕಿತು. ದೊಡ್ಡಪ್ಪ ಏಳುವಷ್ಟರಲ್ಲಿ ಒಣನೆಲದಲ್ಲಿ ಸಡಿಲವಾಗಿದ್ದ ಗೂಟ ಕಿತ್ತು ಬಂತು. ಉರುಳು, ಗೂಟ ಸಮೇತ ಹಕ್ಕಿ ಹಾರಿಹೋಯಿತು. ಹೆಣ್ಣೂ ಹೋಯಿತು. ಬಿಸಿಲೇರಿದ ಮೇಲೆ ಯಾವುದೂ ಉತ್ತರ ಕೊಡಲಿಲ್ಲ.

ಪಟೇಲರ ಹಿತ್ತಲ ಬಾಗಿಲಿಗೆ ಬರಿಗೈಯಲ್ಲಿ ಹೋದೆವು.

"ಸಿಗ್ನಿಲ್ಲ ಬುದ್ದಿ. ಇವತ್ತು ಇದು ಕೂಗ್ಲೇ ಇಲ್ಲ."

"ಕೂಗ್ದಿದ್ ಮ್ಯಾಲೆ ಅದ್ನ ಯಾಕ್ಲಾ ಸಾಕ್ತೀಯ? ಕೊಟ್ಟೋಗು."

ದೊಡ್ಡಪ್ಪ ಸ್ವಲ್ಪ ಹೊತ್ತು ನಿಂತರು. ಆಮೇಲೆ ತಾವೇ ಗೂಡಿನ ಬಾಗಿಲು ತೆಗೆದು ಕೈಯೊಡ್ಡಿದರು. ಗೆದ್ದಲು ತಿನ್ನಲು ಬರುವ ಹಾಗೇ ಅದು ಕೈಮೇಲೆ ಹತ್ತಿ ಕೂತಿತು. ಸಂಜೆ ಅವರ ಮನೆಯಿಂದ ಒಂದು ಚೊಂಬು ಸಾರು ಬಂತು. ದೊಡ್ಡಮ್ಮ ಅದನ್ನು ತಿಪ್ಪೆಗೆ ಸುರಿದರು.

ಈಗ ಜಾತಕಕ್ಕೆ ಬರೋಣ. ಭಗವಾನರು ಕೋಸಂಬಿಯ ಬದರಿಕಾರಾಮದಲ್ಲಿದ್ದಾಗ ರಾಹುಲ ಸ್ಥವಿರರ ವಿಷಯ ಬಂದು ಹೇಳಿದ ಕಥೆ ಇದು. ಒಬ್ಬ ಬೇಡ ಒಂದು ತಿತ್ತಿರವನ್ನು ಪಳಗಿಸಿ, ಅದರ ದನಿಗೆ ಬಂದವನ್ನೆಲ್ಲ ಹಿಡಿಯುತ್ತಿದ್ದ. ನನ್ನಿಂದ ನನ್ನ ಬಂಧುಗಳು ಸಾಯುತ್ತಿದ್ದಾರೆ ಎಂದು ಆ ಹಕ್ಕಿ ಕೂಗುವುದನ್ನು ನಿಲ್ಲಿಸಿತು. ಬೇಡ ಬಿದಿರ ಕೋಲಿನಿಂದ ತಲೆಗೆ ಹೊಡೆದ. ನೋವಿಗೆ ಕಿರುಚಿತು, ಆ ಕಿರುಚಿಗೂ ಹಕ್ಕಿಗಳು ಬಂದು ಸಿಕ್ಕಿದವು. ಒಂದು ದಿನ ಬೇಡ ಒಬ್ಬ ತಪಸ್ವಿಯ ಬಳಿ ಗೂಡಿಟ್ಟು ಮಲಗಿದಾಗ ಹಕ್ಕಿ ಕೇಳಿತು: ಈ ಪಾಪ ನನಗೆ ತಗಲುತ್ತದೆಯೇ? ತಪಸ್ವಿಯ ಉತ್ತರ: ಅವು ಸಾಯಲಿ ಎಂಬ ಮನಸ್ಸು ನಿನಗಿಲ್ಲದಿದ್ದರೆ ತಗಲುವುದಿಲ್ಲ. ತಪಸ್ವಿ ಬೋಧಿಸತ್ವ, ತಿತ್ತಿರವೇ ರಾಹುಲ.

ಹಕ್ಕಿಗೆ ಸಿಕ್ಕ ಈ ಉತ್ತರ ನನಗೂ ಸಿಗುತ್ತದೆಯೇ ಎಂದು ತುಂಬ ದಿನ ನೋಡಿದ್ದೇನೆ. ನಾವು ದಿನವೂ ಹೇಳುವ ಮೊದಲ ಶೀಲ, ಪಾಣಾತಿಪಾತಾ ವೇರಮಣಿ, ಮುರಿಯಿತು ಎನ್ನಲು ಅಟ್ಠಕಥೆಗಳು ಐದು ಅಂಗ ಹೇಳುತ್ತವೆ. ಅದು ಜೀವಿಯಾಗಿರಬೇಕು, ಜೀವಿ ಎಂದು ಗೊತ್ತಿರಬೇಕು, ಕೊಲ್ಲುವ ಮನಸ್ಸಿರಬೇಕು, ಪ್ರಯತ್ನ ನಡೆಯಬೇಕು, ಅದರಿಂದಲೇ ಸಾವಾಗಬೇಕು. ಹಾರಿಹೋದ ಹಕ್ಕಿಯ ಲೆಕ್ಕದಲ್ಲಿ ಐದನೆಯದು ಸೇರಲಿಲ್ಲ, ಅದು ಸಡಿಲ ಗೂಟದ ಪುಣ್ಯ. ಉಳಿದ ನಾಲ್ಕೂ ನನ್ನಲ್ಲಿದ್ದವು. ನನಗೆ ಯಾರೂ ಹೊಡೆದಿರಲಿಲ್ಲ. ಹೊಡೆಸಿಕೊಂಡದ್ದು ಬಾಯಿ ಬಿಡಲಿಲ್ಲ, ಹೊಡೆಸಿಕೊಳ್ಳದ ನಾನು ಕೂಗಿದೆ.

ಪಟೇಲರು ಉರುಳು ಮುಟ್ಟಿರಲಿಲ್ಲವಲ್ಲ ಎನ್ನಬಹುದು. ಅಟ್ಠಕಥೆಯವರು ಅದನ್ನೂ ಯೋಚಿಸಿದ್ದಾರೆ. ಕೊಲ್ಲುವ ಬಗೆಗಳನ್ನು ಹೇಳುವಾಗ 'ಸಾಹತ್ಥಿಕ', ಅಂದರೆ ಸ್ವಂತ ಕೈಯಿಂದ ಮಾಡಿದ್ದು, ಅದರ ಪಕ್ಕದಲ್ಲೇ 'ಆಣತ್ತಿಕ', ಅಂದರೆ ಹೇಳಿ ಮಾಡಿಸಿದ್ದು. ನಮ್ಮ ಕನ್ನಡದ 'ಆಣತಿ'ಯೂ ಇದೂ ಒಂದೇ ಬೇರಿನವು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಕೌಜುಗ ಹಿಡಿಯುವುದು ಅಪರಾಧ. ಆದರೆ ಸಿಕ್ಕಿಬೀಳುವವನು ಉರುಳು ಹಾಕಿದವನು, ಆಣತಿ ಕೊಟ್ಟವರ ಹೆಸರು ಕಾಗದದಲ್ಲಿ ಬರುವುದು ಕಡಿಮೆ.

ಬಾಬಾಸಾಹೇಬರು 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಅಹಿಂಸೆಯನ್ನು ಕುರುಡು ನಿಯಮವಾಗಿಸದೆ ತತ್ವವಾಗಿ ವಿವರಿಸಿ, ಕೊಲ್ಲಬೇಕಾದ ಅಗತ್ಯ ಬೇರೆ, ಕೊಲ್ಲುವ ಇಚ್ಛೆ ಬೇರೆ ಎಂದು ಬಿಡಿಸಿ ತೋರಿಸಿದ್ದಾರೆ. ಎರಡು ಕುರಿ ಕಡಿದಿದ್ದ ಮನೆಗೆ ಎರಡು ಕೌಜುಗದ ಅಗತ್ಯ ಏನಿತ್ತು? ದೊಡ್ಡಪ್ಪನಿಗೆ ಅಗತ್ಯವಿತ್ತು, ಆದರೆ ಹಕ್ಕಿಯದಲ್ಲ, ಸಾಲದ್ದು.

ಜಾತಕದ ಬಗ್ಗೆ ನನಗೊಂದು ತಕರಾರಿದೆ, ಬಂಧುಗಳು ತಪ್ಪು ತಿಳಿಯಬಾರದು. ಬೇಡ ಎದ್ದು ತಪಸ್ವಿಗೆ ಕೈಮುಗಿದು ಗೂಡು ಎತ್ತಿಕೊಂಡು ಹೋಗುತ್ತಾನೆ. ಅಲ್ಲಿಗೆ ಕಥೆ ಮುಗಿಯಿತು. ತಪಸ್ವಿ ಬೇಡನಿಗೆ ಒಂದು ಮಾತೂ ಹೇಳಲಿಲ್ಲ, ಗೂಡಿನ ಬಾಗಿಲೂ ತೆಗೆಯಲಿಲ್ಲ. ಹಕ್ಕಿಗೆ ಸಮಾಧಾನ ಸಿಕ್ಕಿತು, ಬೆಳಗ್ಗೆ ಮತ್ತೆ ಅದೇ ಬದು.

ಕಾನ್ಶೀರಾಮ್ ಅವರು 1982ರಲ್ಲಿ, ಪೂನಾ ಒಪ್ಪಂದಕ್ಕೆ 50 ವರ್ಷ ತುಂಬಿದಾಗ, 'ಚಮಚಾ ಯುಗ' ಬರೆದರು. ಅದನ್ನು ಓದಿದ ಹೊಸದರಲ್ಲಿ ನಾನೂ ಕಂಡಕಂಡವರನ್ನು ಚಮಚಾ ಎಂದು ಬೈದವನೇ. ಆ ಚಟ ಬಿಟ್ಟದ್ದು ಒಂದು ಘಟನೆಯ ನಂತರ. ಹತ್ತು ವರ್ಷಗಳ ಹಿಂದೆ ಜಮೀನಿನ ದಲ್ಲಾಳಿಯೊಬ್ಬ ಶಾಲೆಗೆ ಬಂದು, ನಮ್ಮ ಕಾಲೊನಿಯವರ ಮಂಜೂರಾತಿ ಜಮೀನಿಗೆ ಒಳ್ಳೆ ಬೆಲೆ ಬಂದಿದೆ, "ನೀವು ಒಂದು ಮಾತು ಹೇಳಿದ್ರೆ ಕೇಳ್ತಾರೆ ಮೇಷ್ಟ್ರೇ" ಎಂದ. 1978ರ ಪಿಟಿಸಿಎಲ್ ಕಾಯ್ದೆ ಇದೆ, ಸರ್ಕಾರದ ಪೂರ್ವಾನುಮತಿ ಇಲ್ಲದೆ ಅಂಥ ಜಮೀನು ಮಾರುವಂತಿಲ್ಲ ಎಂದು ನನಗೆ ಗೊತ್ತಿತ್ತು. ಆದರೂ ಎರಡು ಮನೆಗೆ ಹೋಗಿ ಟೀ ಕುಡಿದು, ಚೆನ್ನಾದ ಕನ್ನಡದಲ್ಲಿ ಮಾತಾಡಿ ಬಂದೆ. ಮೇಷ್ಟ್ರು ಎಂದು ಹೊಗಳಿದ್ದಷ್ಟೇ ಸಾಕಾಗಿತ್ತು. ಒಂದು ಮನೆಯವರು ಕರಾರು ಪತ್ರಕ್ಕೆ ಹೆಬ್ಬೆಟ್ಟು ಒತ್ತಿದರು. ಇನ್ನೊಂದು ದೊಡ್ಡಮ್ಮನ ಮನೆ. ಅವರು ಲೋಟ ಎತ್ತಿಕೊಳ್ಳುತ್ತ ಕೇಳಿದರು:

"ಈಗ್ಲೂ ಕೌಜುಗ ಕೂಗಾಕೆ ಬರ್ತದೇನಪ್ಪ ನಿಂಗೆ?"

ಹೆಬ್ಬೆಟ್ಟು ಒತ್ತಿದ ಮನೆಗೆ ಮಾರನೇ ದಿನ ಹೋಗಿ ಕಾಯ್ದೆ ವಿವರಿಸಿದೆ. ಕೊಟ್ಟ ಮುಂಗಡ ಆಗಲೇ ಅರ್ಧ ಖರ್ಚಾಗಿತ್ತು. ಉಪವಿಭಾಗಾಧಿಕಾರಿಗಳ ಕಚೇರಿಗೆ ಅರ್ಜಿ ಬರೆದುಕೊಟ್ಟಿದ್ದೇನೆ, ಅವರ ಜೊತೆ ಓಡಾಡುತ್ತಲೂ ಇದ್ದೇನೆ. ಇನ್ನೂ ಮುಗಿದಿಲ್ಲ.

ಭಾನುವಾರ ಬೆಳಗ್ಗೆ ವಂದನೆ ಆದ ಮೇಲೆ ಇದೇ ಜಾತಕವನ್ನು ಪೂರ್ತಿ ಓದೋಣ. ದೊಡ್ಡಪ್ಪನ ಲೆಕ್ಕಕ್ಕೆ ಐದರಲ್ಲಿ ಎಷ್ಟು ಅಂಗ ಸೇರುತ್ತವೆ, ಅದನ್ನು ಯೋಚಿಸಿಕೊಂಡು ಬನ್ನಿ. ನನಗೆ ಇನ್ನೂ ಬಗೆಹರಿದಿಲ್ಲ. ದೊಡ್ಡಮ್ಮನೂ ಬರುತ್ತೇನೆ ಅಂದಿದ್ದಾರೆ. ಆ ಗೂಡು ಅವರ ಮನೆಯ ಅಟ್ಟದ ಮೇಲೆ ಈಗಲೂ ಇದೆ, ದೊಡ್ಡಪ್ಪ ಅದರಲ್ಲಿ ಮತ್ತೆ ಹಕ್ಕಿ ಸಾಕಲಿಲ್ಲ.

ಜೈಭೀಮ್.