ಸ್ಕಿಜೋಫ್ರೇನಿಯಾಕ್ಕೆ ಹೊಸ ಗುಳಿಗೆ: ಅಡಿಕೆ ತೋಟದವರು ತಿಳಿಯಬೇಕಾದದ್ದು



ಅಡಿಕೆಗೆ ಮೊದಲ ಮದ್ದು ಬಿಡುವ ಗಡಿಬಿಡಿಯ ದಿನಗಳಲ್ಲಿ ನೆರೆಮನೆಯ ಹಿರಿಯರೊಬ್ಬರು ಮೊಬೈಲು ಹಿಡಿದುಕೊಂಡು ನಮ್ಮ ಅಂಗಳಕ್ಕೆ ಬಂದರು. ಅವರ ಎರಡನೆಯ ಮಗನಿಗೆ ಸ್ಕಿಜೋಫ್ರೇನಿಯಾ, ಅಂದರೆ ಇಚ್ಚಿತ್ತ ವಿಕಲತೆ. ಕೆಲವು ವರ್ಷಗಳಿಂದ ಒಲಾಂಜಪಿನ್ ಗುಳಿಗೆ ತೆಗೆದುಕೊಳ್ಳುತ್ತಿದ್ದಾನೆ. ಕಿವಿಯಲ್ಲಿ ಕೇಳುತ್ತಿದ್ದ ಮಾತುಗಳು ನಿಂತಿವೆ. ತೋಟದಲ್ಲಿ ಸೋಗೆ ಎಳೆಯುತ್ತಾನೆ, ಬೆಳಿಗ್ಗೆ ಹಾಲು ಡಿಪೋಗೆ ಕೊಂಡುಹೋಗುತ್ತಾನೆ. ಆದರೆ ಮೈ ಬಂದಿದೆ, ಕಳೆದ ವರ್ಷದಿಂದ ಸಕ್ಕರೆ ಕಾಯಿಲೆಯೂ ಹಿಡಿದಿದೆ. ತಂದೆಗೆ ಅದೇ ಚಿಂತೆ.

ಮೊಬೈಲಿನಲ್ಲಿ ಪರದೇಶದ ಸಂಬಂಧಿಕರು ಕಳಿಸಿದ ಸುದ್ದಿ ಇತ್ತು: "ಅಮೆರಿಕದಲ್ಲಿ ಹೊಸ ಮದ್ದು ಬಂದಿದೆ, ಅಡಿಕೆಯಿಂದ ಮಾಡಿದ್ದು, ಅಡ್ಡ ಪರಿಣಾಮ ಇಲ್ಲ." ಹಿರಿಯರು ಎರಡು ಪ್ರಶ್ನೆ ಕೇಳಿದರು. ಹಳೆಯ ಗುಳಿಗೆ ನಿಲ್ಲಿಸಬಹುದೇ? ಹೊಸದು ಕೈಗೆ ಸಿಗುವ ತನಕ ಹುಡುಗನಿಗೆ ವೀಳ್ಯ ಕೊಟ್ಟರೆ ಆದೀತೇ? ಆ ಸುದ್ದಿಯಲ್ಲಿ ಮೊದಲನೆಯ ಮಾತು ನಿಜ, ಎರಡನೆಯದು ಅರ್ಧ ನಿಜ, ಮೂರನೆಯದು ಸುಳ್ಳು. ಇದನ್ನು ಬಿಡಿಸಿ ಹೇಳುವುದಕ್ಕೆ ಈ ಸಲದ ಅಂಕಣ.

ಮದ್ದಿನ ಹೆಸರು ಕೋಬೆನ್ಫಿ. ಒಂದೇ ಕ್ಯಾಪ್ಸೂಲಿನಲ್ಲಿ ಝನೊಮೆಲಿನ್ ಮತ್ತು ಟ್ರೋಸ್ಪಿಯಂ ಎಂಬ ಎರಡು ಔಷಧಗಳಿವೆ. ಅಮೆರಿಕದ ಔಷಧ ನಿಯಂತ್ರಣ ಇಲಾಖೆ 2024ರ ಸೆಪ್ಟೆಂಬರ್ 26ರಂದು ಅದಕ್ಕೆ ಮಂಜೂರಾತಿ ಕೊಟ್ಟಿತು. ಇದು ಇಷ್ಟು ದೊಡ್ಡ ಸುದ್ದಿಯಾದದ್ದಕ್ಕೆ ಕಾರಣ ಉಂಟು. 1952ರಲ್ಲಿ ಪ್ಯಾರಿಸ್ಸಿನ ಆಸ್ಪತ್ರೆಯಲ್ಲಿ ಕ್ಲೋರ್‌ಪ್ರೊಮಝಿನ್ ಬಳಕೆಗೆ ಬಂದಂದಿನಿಂದ ಈ ರೋಗಕ್ಕೆ ಕೊಡುತ್ತಾ ಬಂದ ಮದ್ದುಗಳೆಲ್ಲ, ಹೆಚ್ಚು ಕಡಿಮೆ, ಮೆದುಳಿನಲ್ಲಿ ಡೋಪಮಿನ್ ಎಂಬ ರಾಸಾಯನಿಕದ ಬಾಗಿಲುಗಳ ಮೇಲೆಯೇ ಕೆಲಸ ಮಾಡುತ್ತವೆ. ಅವುಗಳಿಂದ ಲಕ್ಷಾಂತರ ಮಂದಿ ಸಂಕೋಲೆಯಿಂದ ಬಿಡುಗಡೆ ಪಡೆದು ಮನೆಗೆ ಮರಳಿದರು. ಬೆಲೆಯನ್ನೂ ತೆತ್ತರು. ಹಾಲೊಪೆರಿಡಾಲಿನಂಥ ಹಳೆಯ ಮದ್ದುಗಳಲ್ಲಿ ಕೈಕಾಲು ಸೆಟೆದುಕೊಳ್ಳುವುದು, ನಡುಕ, ವರ್ಷಗಳ ಮೇಲೆ ಬಾಯಿ ನಾಲಿಗೆ ತಾವಾಗಿ ಅಲುಗಾಡುವ ತೊಂದರೆ. ಒಲಾಂಜಪಿನ್, ಕ್ಲೋಝಪಿನ್‌ಗಳಲ್ಲಿ ಹಸಿವು, ತೂಕ, ಸಕ್ಕರೆ, ಕೊಬ್ಬು. ಹೊಸ ಗುಳಿಗೆ ಡೋಪಮಿನ್ನಿನ ಬಾಗಿಲನ್ನು ನೇರವಾಗಿ ಮುಟ್ಟುವುದಿಲ್ಲ. ಅದು ತಟ್ಟುವುದು ಅಸಿಟೈಲ್‌ಕೋಲಿನ್ ಎಂಬ ಬೇರೊಂದು ರಾಸಾಯನಿಕದ ಬಾಗಿಲನ್ನು.

ಈ ಅಸಿಟೈಲ್‌ಕೋಲಿನ್ ನಮಗೆ ಪರಿಚಯವಿಲ್ಲದ್ದಲ್ಲ. ಕೀಟನಾಶಕದ ವಿಷವೇರಿದವರ ಬಾಯಲ್ಲಿ ಜೊಲ್ಲು ಸುರಿದು, ಮೈ ಬೆವರಿ, ವಾಂತಿಯಾಗುವುದನ್ನು ಕಂಡವರು ನಮ್ಮಲ್ಲಿ ಹಲವರಿದ್ದಾರೆ. ಆರ್ಗನೊಫಾಸ್ಫೇಟ್ ಜಾತಿಯ ವಿಷದಿಂದ ಈ ರಾಸಾಯನಿಕ ದೇಹದಲ್ಲಿ ವಿಪರೀತ ತುಂಬಿಕೊಳ್ಳುವುದರಿಂದಲೇ ಹಾಗಾಗುವುದು. ಆಸ್ಪತ್ರೆಯಲ್ಲಿ ಕೊಡುವ ಅಟ್ರೊಪಿನ್ ಚುಚ್ಚುಮದ್ದು ಅದನ್ನು ತಡೆಯುತ್ತದೆ. ಹೊಸಬರು ಎಳೆಯ ಅಡಿಕೆ ಜಗಿದಾಗ ತಲೆ ಸುತ್ತಿ, ಬೆವರು ಬಂದು, ಜೊಲ್ಲು ತುಂಬುವುದಕ್ಕೂ ಇಂಥದೇ ಕಾರಣ. ಅಡಿಕೆಯಲ್ಲಿರುವ ಅರೆಕೊಲಿನ್ ಎಂಬ ಸತ್ವ ಅಸಿಟೈಲ್‌ಕೋಲಿನ್ನಿನ ಬಾಗಿಲನ್ನೇ ತೆರೆಯುತ್ತದೆ.

ಅಡಿಕೆಯ ಸಂಬಂಧ ಇಲ್ಲಿಗೇ ಬರುವುದು. ವಿಜ್ಞಾನಿಗಳು ಅರೆಕೊಲಿನ್ನಿನ ಅಣುವನ್ನು ಮಾದರಿಯಾಗಿಟ್ಟು, ಅದನ್ನು ಬದಲಾಯಿಸಿ, ಪ್ರಯೋಗಾಲಯದಲ್ಲಿ ಝನೊಮೆಲಿನ್ ತಯಾರಿಸಿದರು. ಗುಳಿಗೆಯಲ್ಲಿ ಅಡಿಕೆಯ ಹುಡಿ ಇಲ್ಲ. ಮರೆವಿನ ರೋಗವಾದ ಆಲ್‌ಝೈಮರ್‌ಗೆ ಮದ್ದು ಹುಡುಕುತ್ತಿದ್ದ ಕಾಲ ಅದು. 343 ರೋಗಿಗಳ ಮೇಲೆ ನಡೆಸಿದ ಅಧ್ಯಯನ 1997ರಲ್ಲಿ ಪ್ರಕಟವಾಯಿತು. ಭ್ರಮೆ, ಸಂಶಯ, ಕೆರಳುವಿಕೆ ಕಡಿಮೆಯಾದದ್ದು ಕಂಡಿತು. ಆದರೆ ವಾಂತಿ, ಬೆವರು, ತಲೆಸುತ್ತಿ ಬೀಳುವುದು ಇವುಗಳಿಂದ ಬಹಳ ಮಂದಿ ಮದ್ದು ನಡುವೆಯೇ ಬಿಟ್ಟರು. ಮದ್ದು ಮೂಲೆ ಸೇರಿತು.

ಮತ್ತೆ ಅದನ್ನು ಹೊರಗೆ ತೆಗೆದ ಉಪಾಯ ನಮ್ಮ ಬೋರ್ಡೋ ದ್ರಾವಣವನ್ನು ನೆನಪಿಸುತ್ತದೆ. ಕೊಳೆರೋಗದ ಶಿಲೀಂಧ್ರವನ್ನು ಕೊಲ್ಲುವುದು ಮೈಲುತುತ್ತು. ಅದನ್ನೊಂದನ್ನೇ ನೀರಿಗೆ ಹಾಕಿ ಬಿಟ್ಟರೆ ಸಿಂಗಾರವೂ ಎಲೆಯೂ ಸುಟ್ಟುಹೋಗುತ್ತದೆ. 100 ಲೀಟರಿಗೆ 1 ಕಿಲೋ ಮೈಲುತುತ್ತು, ಅದರ ಉರಿ ತಗ್ಗಿಸಲು 1 ಕಿಲೋ ಸುಣ್ಣ. ಸುಣ್ಣ ಸಾಕಾಯಿತೋ ಎಂದು ನಾವು ಕತ್ತಿಯ ಅಲಗು ಅದ್ದಿ, ಕೆಂಪು ಹಿಡಿಯುತ್ತದೋ ನೋಡುತ್ತೇವಲ್ಲವೇ? ಇಲ್ಲಿ ಸುಣ್ಣದ ಕೆಲಸ ಟ್ರೋಸ್ಪಿಯಂನದು. ಅದು ಹೊಟ್ಟೆ, ಕರುಳು, ಮೂತ್ರಕೋಶಗಳಲ್ಲಿ ಅಸಿಟೈಲ್‌ಕೋಲಿನ್ನಿನ ಬಾಗಿಲು ಮುಚ್ಚುತ್ತದೆ, ಆದರೆ ಮೆದುಳಿನೊಳಗೆ ಬಹುಮಟ್ಟಿಗೆ ಹೋಗಲಾರದು. ಝನೊಮೆಲಿನ್ ಮೆದುಳಿನಲ್ಲಿ ತನ್ನ ಕೆಲಸ ಮಾಡಿಕೊಳ್ಳುತ್ತದೆ. ಈ ಜೋಡಿಯನ್ನು ಕಟ್ಟಿದ ಅಮೆರಿಕದ ಕಂಪನಿಯ ಹೆಸರು ಕರುಣಾ ಥೆರಪ್ಯೂಟಿಕ್ಸ್! 2024ರಲ್ಲಿ ಅದನ್ನು ಬ್ರಿಸ್ಟಲ್ ಮೈಯರ್ಸ್ ಸ್ಕ್ವಿಬ್ ಎಂಬ ದೊಡ್ಡ ಕಂಪನಿ 1,400 ಕೋಟಿ ಡಾಲರಿಗೆ ಕೊಂಡಿತು. ಗುಳಿಗೆಗೆ ಅಲ್ಲಿ ಇಟ್ಟ ಆರಂಭದ ಬೆಲೆ ತಿಂಗಳಿಗೆ 1,850 ಡಾಲರ್. ಹೆಸರಿನಲ್ಲಿರುವ ಕರುಣೆ ಬೆಲೆಯಲ್ಲಿ ಕಾಣುವುದಿಲ್ಲ.

ಮಂಜೂರಾತಿಗೆ ಆಧಾರವಾದ ಅಧ್ಯಯನಗಳಲ್ಲಿ ಒಂದರಲ್ಲಿ 252 ರೋಗಿಗಳಿದ್ದರು. ಅರ್ಧದಷ್ಟು ಮಂದಿಗೆ ನಿಜ ಮದ್ದು, ಉಳಿದವರಿಗೆ ನೋಡಲು ಅದೇ ತರದ, ಒಳಗೆ ಮದ್ದಿಲ್ಲದ ಗುಳಿಗೆ. ಐದು ವಾರ ಕಳೆದಾಗ ರೋಗಲಕ್ಷಣಗಳನ್ನು ಅಳೆಯುವ 30ರಿಂದ 210ರ ವರೆಗಿನ ಮಾಪಕದಲ್ಲಿ ಮದ್ದಿನವರು 21 ಅಂಕ ಇಳಿದರು, ಖಾಲಿ ಗುಳಿಗೆಯವರು ಸುಮಾರು 12. ಖಾಲಿ ಗುಳಿಗೆಯವರೂ ಅಷ್ಟು ಇಳಿದದ್ದನ್ನು ಗಮನಿಸಿ. ಆರೈಕೆ, ಆಸ್ಪತ್ರೆಯ ವಾಸ, ನಂಬಿಕೆ ಎಲ್ಲ ಅದರಲ್ಲಿ ಸೇರಿದೆ. ಮದ್ದಿನ ಸ್ವಂತ ಗಳಿಕೆ ನಡುವಿನ ಆ ಒಂಬತ್ತು ಹತ್ತು ಅಂಕ. ಅದು ಸಣ್ಣದಲ್ಲ, ಪವಾಡವೂ ಅಲ್ಲ.

ಅಡ್ಡ ಪರಿಣಾಮದ ಲೆಕ್ಕ ಅದೇ ಅಧ್ಯಯನದಲ್ಲಿ ಹೀಗಿದೆ. ಮಲಬದ್ಧತೆ ಮದ್ದಿನವರಲ್ಲಿ ನೂರಕ್ಕೆ 21, ಖಾಲಿ ಗುಳಿಗೆಯವರಲ್ಲಿ 10. ಅಜೀರ್ಣ 19, ಇಲ್ಲಿ 8. ಓಕರಿಕೆ 19, ಇಲ್ಲಿ 6. ವಾಂತಿ 14, ಇಲ್ಲಿ 1. ರಕ್ತದೊತ್ತಡ ಏರಿದ್ದು 10, ಇಲ್ಲಿ 1. ಇದಲ್ಲದೆ ನಾಡಿಬಡಿತ ಹೆಚ್ಚುತ್ತದೆ. "ಅಡ್ಡ ಪರಿಣಾಮ ಇಲ್ಲ" ಎಂಬ ಮಾತು ಹುಟ್ಟಿದ್ದು ಎಲ್ಲಿಂದ ಎಂದರೆ, ತೂಕ ಏರುವುದು ಮತ್ತು ಮೈ ಸೆಟೆದುಕೊಳ್ಳುವುದು ಇದರಲ್ಲಿ ಖಾಲಿ ಗುಳಿಗೆಗಿಂತ ಹೆಚ್ಚು ಕಾಣಲಿಲ್ಲ. ಸಕ್ಕರೆ ಕಾಯಿಲೆಯ ಭಯದಲ್ಲಿರುವ ಮನೆಗಳಿಗೆ ಇದು ದೊಡ್ಡ ಸಮಾಧಾನ, ಸಂಶಯವಿಲ್ಲ. ಆದರೆ ತೊಂದರೆಗಳು ಇಲ್ಲವಾದದ್ದಲ್ಲ, ಬೇರೆ ತೊಂದರೆಗಳು ಬಂದದ್ದು.

ಯಾರಿಗೆ ಇದು ಆಗದು ಎಂಬುದು ಇನ್ನೂ ಮುಖ್ಯ. ಯಕೃತ್ತು ಕೆಟ್ಟವರಿಗೆ ಕೊಡುವಂತಿಲ್ಲ. ಶುರು ಮಾಡುವ ಮೊದಲು ಯಕೃತ್ತಿನ ರಕ್ತಪರೀಕ್ಷೆ ಆಗಲೇಬೇಕು. ಕುಡಿತ ಅಭ್ಯಾಸವಿರುವ ಮನೆಯವರು ಇದನ್ನು ವೈದ್ಯರಿಂದ ಮುಚ್ಚಿಡಬಾರದು. ಮೂತ್ರ ಕಟ್ಟಿಕೊಳ್ಳುವವರು, ಒಂದು ಬಗೆಯ ಗ್ಲೌಕೋಮ ಇದ್ದವರು, ಹೊಟ್ಟೆಯಿಂದ ಆಹಾರ ಮುಂದೆ ಸಾಗದವರು ಇವರಿಗೂ ಸಲ್ಲದು. ಪಿತ್ತಕೋಶದ ಕಲ್ಲು, ಮೂತ್ರಪಿಂಡದ ದೌರ್ಬಲ್ಯ ಇದ್ದರೂ ಎಚ್ಚರ. ದಿನಕ್ಕೆ ಎರಡು ಸಲ, ಊಟಕ್ಕೆ ಒಂದು ಗಂಟೆ ಮೊದಲು ಇಲ್ಲವೇ ಎರಡು ಗಂಟೆ ಕಳೆದು ನುಂಗಬೇಕು. ಗಂಜಿ ಉಂಡ ಕೂಡಲೇ ಗುಳಿಗೆ ನುಂಗುವ ನಮ್ಮ ರೂಢಿ ಇದಕ್ಕೆ ಹೊಂದದು.

ಐದು ವಾರ ಎಂದರೆ ಎಷ್ಟು? ಒಂದು ಅಡಿಕೆ ಗೊನೆ ಬಲಿಯಲು ಬೇಕಾದಷ್ಟೂ ಅಲ್ಲ. ಈ ರೋಗದವರು ಹತ್ತಿಪ್ಪತ್ತು ವರ್ಷ ಗುಳಿಗೆ ನುಂಗಬೇಕು. ಒಂದು ವರ್ಷದ ತನಕ ಮುಂದುವರಿಸಿದ ಅಧ್ಯಯನಗಳೂ ನಡೆದಿವೆ, ಅವುಗಳಲ್ಲಿಯೂ ತೂಕ ಏರಲಿಲ್ಲ. ಆದರೆ ಹೋಲಿಸಿ ನೋಡಲು ಅಲ್ಲಿ ಖಾಲಿ ಗುಳಿಗೆಯವರಿರಲಿಲ್ಲ. ಹಳೆಯ ಮದ್ದಿನ ಜೊತೆಗೇ ಇದನ್ನೂ ಕೊಟ್ಟರೆ ಹೆಚ್ಚು ಗುಣವಾದೀತೇ ಎಂದು ನಡೆಸಿದ ಅಧ್ಯಯನದ ಫಲ 2025ರ ಏಪ್ರಿಲಿನಲ್ಲಿ ಹೊರಬಿತ್ತು. ನಿರೀಕ್ಷಿಸಿದ ಮಟ್ಟ ತಲುಪಲಿಲ್ಲ.

ಮದ್ದಿನ ಗುಣದೋಷ ಮಾರುಕಟ್ಟೆಗೆ ಬಂದ ಮೇಲೆಯೇ ಪೂರ್ತಿ ಗೊತ್ತಾಗುವುದು ಎಂಬುದಕ್ಕೆ ಕ್ಲೋಝಪಿನ್ ಕಥೆಗಿಂತ ಬೇರೆ ಸಾಕ್ಷಿ ಬೇಡ. 1975ರಲ್ಲಿ ಫಿನ್ಲೆಂಡಿನಲ್ಲಿ ಅದನ್ನು ತೆಗೆದುಕೊಂಡ ಎಂಟು ಮಂದಿ ತೀರಿಕೊಂಡರು. ರಕ್ತದ ಬಿಳಿಕಣಗಳು ಕುಸಿದು ಸೋಂಕು ತಗಲಿತ್ತು. ಹಲವು ದೇಶಗಳು ಮದ್ದನ್ನು ಹಿಂದಕ್ಕೆ ತೆಗೆದುಕೊಂಡವು. ಆದರೆ ಬೇರೆ ಯಾವುದಕ್ಕೂ ಬಗ್ಗದ ರೋಗಿಗಳು ಅದರಿಂದ ಗುಣ ಕಾಣುತ್ತಾರೆಂದು 1988ರ ಅಧ್ಯಯನ ತೋರಿಸಿತು. ರಕ್ತಪರೀಕ್ಷೆಯ ಕಟ್ಟಳೆಯೊಂದಿಗೆ 1989ರಲ್ಲಿ ಅಮೆರಿಕ ಅದಕ್ಕೆ ಮಂಜೂರಾತಿ ಕೊಟ್ಟಿತು. ಇವತ್ತಿಗೂ ಎಷ್ಟೋ ಮನೆಗಳನ್ನು ಅದೇ ಕಾಯುತ್ತಿದೆ. ಅಪಾಯ ಏನೆಂದು ಗೊತ್ತಿದೆ, ಅದನ್ನು ಹಿಡಿಯುವ ಪರೀಕ್ಷೆಯೂ ಗೊತ್ತಿದೆ. ಹಳೆಯ ಮದ್ದಿನ ಬಲ ಇರುವುದು ಅಲ್ಲಿ.

ಇನ್ನು ವೀಳ್ಯದ ಮಾತು. ಅಡಿಕೆ ನಮ್ಮ ಅನ್ನ, ಇದನ್ನು ಬರೆಯಲು ನನಗೂ ಹಿತವಿಲ್ಲ. ಆದರೂ ಹೇಳಬೇಕು. ಹೊಗೆಸೊಪ್ಪು ಸೇರಿಸದೆ ಜಗಿದರೂ ಅಡಿಕೆಯಿಂದ ಬಾಯಿಯ ಕ್ಯಾನ್ಸರ್ ಬರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರ ವರದಿಯಲ್ಲಿ ಖಚಿತವಾಗಿ ಹೇಳಿದೆ. ಮನೋರೋಗದ ಚುಚ್ಚುಮದ್ದಿನಲ್ಲಿದ್ದ ಇಬ್ಬರು ವಿಪರೀತ ಅಡಿಕೆ ಜಗಿದು, ಮೈ ತೀವ್ರವಾಗಿ ಸೆಟೆದುಕೊಂಡ ಸಂಗತಿಯನ್ನು 1989ರಲ್ಲಿ ಬ್ರಿಟನ್ನಿನ ವೈದ್ಯರೊಬ್ಬರು ಬರೆದಿದ್ದಾರೆ. ಸೆಟೆತ ತಡೆಯಲು ಕೊಡುವ ಗುಳಿಗೆಯ ಕೆಲಸವನ್ನು ಅರೆಕೊಲಿನ್ ಕೆಡಿಸಿತ್ತು. ನಮ್ಮಲ್ಲಿ ಅಂಥವರಿಗೆ ಟ್ರೈಹೆಕ್ಸಿಫೆನಿಡಿಲ್ ಎಂಬ ಚಿಕ್ಕ ಗುಳಿಗೆ ಕೊಡುತ್ತಾರೆ. ಅದೂ ಇದೇ ಜಾತಿಯದು. ಮನೆಯ ರೋಗಿ ದಿನಕ್ಕೆ ಎಷ್ಟು ವೀಳ್ಯ ಹಾಕುತ್ತಾನೆಂದು ವೈದ್ಯರಿಗೆ ಹೇಳಿ. ಅವರು ಕೇಳದಿದ್ದರೂ ಹೇಳಿ.

ಹಳೆಯ ಗುಳಿಗೆಯನ್ನು ತಟ್ಟನೆ ನಿಲ್ಲಿಸುವುದು ಮಾತ್ರ ಬೇಡವೇ ಬೇಡ. ನಿಲ್ಲಿಸಿದ ವಾರ ಹುಡುಗ ಚುರುಕಾಗಿ ಕಾಣಬಹುದು. ನಿದ್ದೆ ಕೆಡುವುದು, ಸಂಶಯ, ಮತ್ತೆ ಆ ಮಾತುಗಳು, ಇವು ತಿಂಗಳುಗಳ ಮೇಲೆ ಬರುತ್ತವೆ. ಒಂದು ಸಲ ಮರುಕಳಿಸಿದರೆ ಮೊದಲಿನ ನೆಲೆಗೆ ತರುವುದು ಹೆಚ್ಚು ಕಷ್ಟ. ತೂಕ, ಸಕ್ಕರೆಗಳಿಗೆ ಈಗಲೇ ದಾರಿಗಳಿವೆ. ಪ್ರಮಾಣ ತಗ್ಗಿಸಬಹುದೇ, ತೂಕ ಅಷ್ಟು ಏರಿಸದ ಅರಿಪಿಪ್ರಝೋಲಿಗೆ ನಿಧಾನವಾಗಿ ಬದಲಾಯಿಸಬಹುದೇ, ಮೆಟ್‌ಫಾರ್ಮಿನ್ ಕೊಡಬಹುದೇ ಎಂದು ಮನೋವೈದ್ಯರನ್ನು ಕೇಳಿ. ದೂರದ ಆಸ್ಪತ್ರೆಗೆ ಹೋಗಲು ಬಸ್ಸಿಲ್ಲದವರು ಮೊದಲ ಸಲಹೆಗೆ ಸರಕಾರದ ಟೆಲಿ-ಮಾನಸ್ 14416ಕ್ಕೆ ಕರೆ ಮಾಡಬಹುದು. ಹಣ ಕೊಡಬೇಕಾಗಿಲ್ಲ.

ನೆರೆಮನೆಯ ಹಿರಿಯರು ಮಗನನ್ನು ಕರೆದುಕೊಂಡು ಹೋಗಿ ಬಂದರು. ವೈದ್ಯರು ಒಲಾಂಜಪಿನ್ ನಿಲ್ಲಿಸಲಿಲ್ಲ, ಪ್ರಮಾಣ ಸ್ವಲ್ಪ ಇಳಿಸಿ ಸಕ್ಕರೆಯ ಗುಳಿಗೆಯನ್ನು ಸರಿಹೊಂದಿಸಿದರು. ತಿಂಗಳಿಗೊಮ್ಮೆ ತೂಕ ಬರೆದಿಡಲು ಹೇಳಿದ್ದಾರೆ. ಮನೆಯಲ್ಲಿ ಬೇರೆ ಯಂತ್ರವಿಲ್ಲ. ಅಡಿಕೆ ಗೋಣಿ ತೂಗುವ ತಕ್ಕಡಿಯ ಮೇಲೆ ಹುಡುಗ ನಿಲ್ಲುತ್ತಾನೆ, ತಂಗಿ ಹಾಲಿನ ಲೆಕ್ಕದ ಪುಸ್ತಕದ ಕೊನೆಯ ಪುಟದಲ್ಲಿ ಬರೆದುಕೊಳ್ಳುತ್ತಾಳೆ.