ಮಂಡಿ ಆಪರೇಷನ್ನಿಗೆ ಬೆನ್ನಿನ ಇಂಜೆಕ್ಷನ್: ಎಚ್ಚರವಿದ್ದರೆ ಶುಗರ್ ಏರುತ್ತದೆಯೇ?

ಪ್ರಶ್ನೆ: ಭದ್ರಾವತಿಯ ವಿಐಎಸ್‌ಎಲ್ ಕಾರ್ಖಾನೆಯ ನಿವೃತ್ತ ನೌಕರ ನಾನು, ವಯಸ್ಸು 67. ಹಲವು ವರ್ಷಗಳಿಂದ ಸಕ್ಕರೆ ಕಾಯಿಲೆ ಇದೆ. ಮುಂದಿನ ತಿಂಗಳು ಶಿವಮೊಗ್ಗದಲ್ಲಿ ಬಲ ಮಂಡಿ ಬದಲಾಯಿಸುತ್ತಾರೆ. ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಮಾಡುತ್ತೇವೆ ಅಂದಿದ್ದಾರೆ. ಎಚ್ಚರವಿದ್ದು ಸುತ್ತಿಗೆಯ ಸದ್ದು ಕೇಳಿದರೆ ಗಾಬರಿಗೇ ಬಿಪಿ, ಶುಗರ್ ಏರುವುದಿಲ್ಲವೇ? ಪೂರ್ತಿ ಪ್ರಜ್ಞೆ ತಪ್ಪಿಸುವುದು ಒಳ್ಳೆಯದಲ್ಲವೇ?

ಉತ್ತರ: ಪ್ರಜ್ಞೆ ತಪ್ಪಿದ ಮಾತ್ರಕ್ಕೆ ಮೈ ಸುಮ್ಮನಿರುವುದಿಲ್ಲ. ಚರ್ಮ ಕೊಯ್ದು ಮೂಳೆ ಕತ್ತರಿಸುವಾಗ ಕಾಲಿನ ನರಗಳು ಆ ಸುದ್ದಿಯನ್ನು ಬೆನ್ನುಹುರಿಯ ಮೂಲಕ ಮಿದುಳಿಗೆ ಒಯ್ಯುತ್ತಲೇ ಇರುತ್ತವೆ. ನಿಮಗೆ ಗೊತ್ತಾಗದಿದ್ದರೂ ಮಿದುಳಿನ ಬುಡದ ಗ್ರಂಥಿಗಳಿಗೆ ಗೊತ್ತಾಗುತ್ತದೆ. ಕಾರ್ಟಿಸಾಲ್, ಅಡ್ರಿನಲಿನ್ ರಕ್ತಕ್ಕೆ ಸುರಿಯುತ್ತವೆ. ಯಕೃತ್ತು ಕೂಡಿಟ್ಟ ಸಕ್ಕರೆಯನ್ನು ಹೊರಬಿಡುತ್ತದೆ, ಇನ್ಸುಲಿನ್ ಕೆಲಸ ಮಂದವಾಗುತ್ತದೆ, ಎದೆಬಡಿತ ಏರುತ್ತದೆ. ಗಟ್ಟಿಮುಟ್ಟಾದ ಯುವಕ ಇದನ್ನು ತಾಳಿಕೊಂಡಾನು. ನಿಮ್ಮಂಥವರಲ್ಲಿ ಏರಿದ ಸಕ್ಕರೆ ಗಾಯಕ್ಕೆ ಸೋಂಕು ತರಬಹುದು, ಕೃತಕ ಕೀಲಿಗೆ ಸೋಂಕಾದರೆ ಬಹಳ ಕಷ್ಟ.

ಬೆನ್ನಿನ ಇಂಜೆಕ್ಷನ್ನಿನಲ್ಲಿ, ಅಂದರೆ ಸ್ಪೈನಲ್‌ನಲ್ಲಿ, ಕೆಳಬೆನ್ನಿಗೆ ಬೆನ್ನುಹುರಿ ಮುಗಿದ ಜಾಗದ ಕೆಳಗೆ ಸಣ್ಣ ಸೂಜಿಯಿಂದ ಸುಮಾರು 3 ಮಿ.ಲೀ. ಔಷಧಿ ಹಾಕುತ್ತಾರೆ. ಕಾಲಿನಿಂದ ಬರುವ ಸುದ್ದಿ ಅಲ್ಲೇ ನಿಲ್ಲುತ್ತದೆ. ಹಾಗಾಗಿ ಆಪರೇಷನ್ ನಡೆಯುವಾಗ ಕಾರ್ಟಿಸಾಲ್, ಸಕ್ಕರೆ ಏರುವುದು ಕಡಿಮೆ. ಜರ್ಮನಿಯ ಆಗಸ್ಟ್ ಬಿಯರ್ 1898ರಲ್ಲೇ ಶುರುಮಾಡಿದ ವಿಧಾನವಿದು. ಸದ್ದಿಗೆ ಹೆದರಬೇಡಿ. ಮಂಪರು ಬರುವ ಔಷಧಿ ಕೊಡಿ ಎಂದು ಅರಿವಳಿಕೆ ವೈದ್ಯರನ್ನು ಕೇಳಿ, ನಿದ್ದೆಯಲ್ಲೇ ಮುಗಿದುಹೋಗುತ್ತದೆ.

ಆದರೆ ಆ ಮರಗಟ್ಟುವಿಕೆ ಕೆಲವು ಗಂಟೆಗಳದ್ದು ಮಾತ್ರ. ಅದು ಇಳಿದ ರಾತ್ರಿ ನೋವು ಕೆರಳಿದರೆ ತಡೆದಿಟ್ಟ ಕಾರ್ಟಿಸಾಲ್ ಆಗ ಏರುತ್ತದೆ. ಗಾಯದ ಉರಿಯೂತದಿಂದ ರಕ್ತಕ್ಕೆ ಸೇರುವ ರಾಸಾಯನಿಕಗಳನ್ನಂತೂ ಸ್ಪೈನಲ್ ಹೆಚ್ಚೇನೂ ತಡೆಯದು. ಬೆನ್ನಿಗೋ ಪೂರ್ತಿಯೋ ಎಂದು ಮನೆಮಂದಿಯೆಲ್ಲ ಚರ್ಚಿಸುತ್ತಾರೆ, ಆ ರಾತ್ರಿಯ ನೋವಿನ ಬಗ್ಗೆ ಯಾರೂ ಕೇಳುವುದಿಲ್ಲ. ನನಗೆ ಇದು ನಿಜಕ್ಕೂ ಬೇಸರದ ಸಂಗತಿ. ತೊಡೆಯ ನರವನ್ನು ಮರಗಟ್ಟಿಸುವ ಬ್ಲಾಕ್ ಕೊಡುತ್ತೀರಾ, ಕೀಲಿನ ಸುತ್ತ ನೋವಿನ ಔಷಧಿ ಹಾಕುತ್ತೀರಾ ಎಂದು ಮೊದಲೇ ಕೇಳಿ. ವಾಂತಿ ತಡೆಯಲು ಡೆಕ್ಸಾಮೆಥಾಸೋನ್ ಕೊಟ್ಟಿದ್ದರೆ ಮರುದಿನ ಶುಗರ್ ಸ್ವಲ್ಪ ಹೆಚ್ಚು ತೋರಿಸಬಹುದು, ಗಾಬರಿಯಾಗಬೇಡಿ.

ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆ ಮಾಡಿಸಿ. ಅದು 8ಕ್ಕಿಂತ ಮೇಲಿದ್ದರೆ ಆಪರೇಷನ್ ಮುಂದೂಡುವ ಬಗ್ಗೆ ವೈದ್ಯರ ಜೊತೆ ಮಾತಾಡಿ, ಮಂಡಿ ಕಾಯುತ್ತದೆ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮಾತ್ರೆಗಳನ್ನು ಸಾಮಾನ್ಯವಾಗಿ ಮೂರು ದಿನ ಮೊದಲೇ ನಿಲ್ಲಿಸಬೇಕಾಗುತ್ತದೆ, ಹಾಗಾಗಿ ನುಂಗುವ ಎಲ್ಲ ಮಾತ್ರೆಗಳ ಪಟ್ಟಿಯನ್ನೂ ತೋರಿಸಿ. ಆಪರೇಷನ್ ದಿನ ಖಾಲಿ ಹೊಟ್ಟೆಯಲ್ಲಿರಬೇಕು: ಬೆಳಿಗ್ಗೆ ಭದ್ರಾವತಿಯಿಂದ ಹೊರಡುವಾಗ ಒಂದೇ ಒಂದು ಇಡ್ಲಿ ತಿಂದರೂ ಆಪರೇಷನ್ ಮುಂದಕ್ಕೆ ಹೋಗುತ್ತದೆ.

ಪ್ರಶ್ನೆ: ನಮ್ಮತ್ತೆಗೆ 74 ವರ್ಷ. ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಕೀಲು ಮುರಿದಿದೆ. ಹೃದಯಕ್ಕೆ ಸ್ಟೆಂಟ್ ಹಾಕಿದ್ದಾರೆ, ಕ್ಲೋಪಿಡೊಗ್ರೆಲ್ ತಗೋತಾರೆ. ಪೂರ್ತಿ ಅರಿವಳಿಕೆಯೇ ಕೊಡಬೇಕಂತೆ. ಅಪಾಯವೇ? (ಶಿವಮೊಗ್ಗ)

ಉತ್ತರ: ವೈದ್ಯರ ನಿರ್ಧಾರಕ್ಕೆ ಸರಿಯಾದ ಕಾರಣವಿದೆ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಕ್ಲೋಪಿಡೊಗ್ರೆಲ್ ನಿಲ್ಲಿಸಿ 5ರಿಂದ 7 ದಿನ ಕಳೆಯದೆ ಸ್ಪೈನಲ್ ಕೊಟ್ಟರೆ ಬೆನ್ನುಹುರಿಯ ಸುತ್ತ ರಕ್ತ ಕಟ್ಟಿ ಕಾಲಿನ ಬಲವೇ ಹೋಗುವ ಅಪಾಯವಿದೆ. ಹಾಗೆಂದು ವಾರವಿಡೀ ಕಾಯುವುದು ಇನ್ನೂ ಕೆಟ್ಟದ್ದು: ನ್ಯುಮೋನಿಯಾ, ಬೆನ್ನಿನ ಹುಣ್ಣು, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವುದು. ಬಿದ್ದ ಗಳಿಗೆಯಿಂದಲೂ ನಿಮ್ಮತ್ತೆಯ ದೇಹ ಒತ್ತಡದಲ್ಲೇ ಇದೆ, ಹಾಗಾಗಿ ಆಪರೇಷನ್ ಹೊತ್ತಿನಲ್ಲಷ್ಟೇ ಅದನ್ನು ತಡೆಯುವ ಸ್ಪೈನಲ್‌ನಿಂದ ಇಲ್ಲಿ ಅಷ್ಟು ಲಾಭವಿಲ್ಲ. ಸೊಂಟ ಮುರಿದ 1,600 ಮಂದಿಯ ಮೇಲೆ ಅಮೆರಿಕ, ಕೆನಡಾಗಳಲ್ಲಿ ನಡೆದ ಅಧ್ಯಯನ 2021ರಲ್ಲಿ ಪ್ರಕಟವಾಯಿತು. 60 ದಿನಗಳ ನಂತರ ಬದುಕುಳಿದು ನಡೆದಾಡುವ ವಿಷಯದಲ್ಲಿ ಪೂರ್ತಿ ಅರಿವಳಿಕೆಯೆದುರು ಸ್ಪೈನಲ್ ಮೇಲುಗೈ ಸಾಧಿಸಲಿಲ್ಲ.

ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ, ಹೃದಯದ ವೈದ್ಯರು ಹೇಳಲಿ. ತೊಡೆಸಂದಿಯ ಹತ್ತಿರ ನರದ ಬ್ಲಾಕ್ ಕೊಡಲಾಗುತ್ತದೆಯೇ ಕೇಳಿ, ಆಪರೇಷನ್ನಿಗೆ ಮೊದಲೇ ನೋವು ತಗ್ಗುತ್ತದೆ. ಈ ವಯಸ್ಸಿನಲ್ಲಿ ಆಪರೇಷನ್ ಆದ ರಾತ್ರಿ ಕೆಲವರು ಹೊತ್ತುಗೊತ್ತು ತಿಳಿಯದೆ ಗೊಂದಲಗೊಳ್ಳುತ್ತಾರೆ. ಅವರ ಕನ್ನಡಕ, ಕಿವಿಯ ಯಂತ್ರ ಇದ್ದರೆ ಅದನ್ನೂ ವಾರ್ಡಿಗೆ ಒಯ್ಯಿರಿ. ರಾತ್ರಿ ಪಕ್ಕದಲ್ಲಿ ಕೂರಲು ಅವರು ಗುರುತಿಸುವ ಮನೆಯವರೇ ಒಬ್ಬರಿರಲಿ.